ಓಟಿಲ್ಲದ ಮೇ ತಿಂಗಳು

ಇಂಗ್ಲಿಷಿನ ‘ಕನ್ಸರ್ವೇಟಿವ್’ ಅನ್ನೋ ಪದಕ್ಕೆ ಸರಿಯಾಗಿ ಕೂರುವಂಥ ಕನ್ನಡ ಪದ ನನಗಿನ್ನೂ ಸಿಕ್ಕಿಲ್ಲ. ಸಂಪ್ರದಾಯವಾದಿ ಅಂದ್ರೆ ಜನಕ್ಕೆ ಮಡಿ-ಮೈಲಿಗೆ ನೆನಪಾಗುತ್ತೆ. ಬಲಪಂಥೀಯ ಅಂದ್ರೆ ರಾತ್ರಿ ಒಂಬತ್ತರ ಟೀವಿ ಚರ್ಚೆ, ನಾಲ್ಕು ಕಿಟಕಿ, ನಾಲ್ಕು ಬಾಯಿ. ಆಫೀಸಿನಲ್ಲಿ ಕೆಲವರು ನನಗೆ ಇಟ್ಟಿರೋ ಹೆಸರು ಬೇರೆಯೇ ಇದೆ, ಅದು ಬಿಡಿ. ನನ್ನ ಲೆಕ್ಕದಲ್ಲಿ ಕನ್ಸರ್ವೇಟಿವ್ ಅಂದ್ರೆ ಹಳೇ ಮನೆ ರಿಪೇರಿಗೆ ಬಂದ ಒಳ್ಳೇ ಮೇಸ್ತ್ರಿ ಥರದವನು. ಗೋಡೆ ಒಡೆಯೋಕೆ ಮುಂಚೆ ಅದು ಮೇಲೆ ಏನನ್ನು ಹೊತ್ತಿದೆ ಅಂತ ತಟ್ಟಿ ನೋಡ್ತಾನೆ. ಒಡೀಬಾರದು ಅಂತಲ್ಲ. ನೋಡಿ ಒಡೀಬೇಕು ಅಂತ.

ನಾನು ಮೊದಲ ಓಟು ಹಾಕಿದ್ದು 2004ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ. ಆವತ್ತಿನಿಂದ ಬಹುತೇಕ ಒಂದೇ ಪಕ್ಷಕ್ಕೆ ಹಾಕಿಕೊಂಡು ಬಂದಿದ್ದೀನಿ. ಮುಚ್ಚಿಡೋ ವಿಷಯವೇನಲ್ಲ, ಬಿಜೆಪಿಗೆ. ಕುಟುಂಬ, ದೇವಸ್ಥಾನ, ಊರಹಬ್ಬ ಇವೆಲ್ಲ ಉಳಿಯಬೇಕಾದ ಸಂಗತಿಗಳು ಅನ್ನೋ ನಂಬಿಕೆ ನನ್ನದು. ಸರ್ಕಾರ ಚಿಕ್ಕದಾಗಿರಬೇಕು, ತೆರಿಗೆ ದುಡ್ಡನ್ನ ಹಿಡಿದು ಖರ್ಚು ಮಾಡಬೇಕು ಅನ್ನೋದೂ ಸೇರಿಸಿಕೊಳ್ಳಿ. ಈ ಕೊನೇ ವಿಷಯದಲ್ಲಿ ಮಾತ್ರ ನನ್ನಂಥವರಿಗೆ ಈ ದೇಶದಲ್ಲಿ ಪಕ್ಷವೇ ಇಲ್ಲ. ರಾಜಾಜಿಯವರು 1959ರಲ್ಲಿ ಸ್ವತಂತ್ರ ಪಕ್ಷ ಅಂತ ಒಂದು ಕಟ್ಟಿದ್ದರು. 1967ರಲ್ಲಿ ಲೋಕಸಭೆಯಲ್ಲಿ 44 ಸೀಟು ಗೆದ್ದಿತ್ತು. ಏಳೇ ವರ್ಷಕ್ಕೆ ಇನ್ನೊಂದು ಪಕ್ಷದಲ್ಲಿ ಕರಗಿಹೋಯಿತು. ಆಮೇಲೆ ನಾವೆಲ್ಲ ಬಾಡಿಗೆ ಮನೆಯಲ್ಲೇ ಇದ್ದೀವಿ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, 2018ನೇ ಇಸವಿ ನನ್ನ ಈ ಕನ್ಸರ್ವೇಟಿವ್ ಅನ್ನೋ ಹಣೆಪಟ್ಟಿಯನ್ನ ಹಿಡಿದು ಜಗ್ಗಾಡಿದ ವರ್ಷ. ನೀನು ಕಾಪಾಡಬೇಕು ಅಂತಿರೋದು ಏನನ್ನ, ಪಕ್ಷವನ್ನೋ ಪದ್ಧತಿಯನ್ನೋ ಅಂತ ಕೇಳಿದ ವರ್ಷ.

ವರ್ಷದ ಶುರುವೇ ಗಡಿಬಿಡಿ. ಫೆಬ್ರವರಿಯಲ್ಲಿ ಕಾವೇರಿ ತೀರ್ಪು ಬಂತು. ಮಾರ್ಚಿನಲ್ಲಿ ನಾಡಧ್ವಜ ಬಂತು, ಅದರ ಬೆನ್ನಿಗೇ ಲಿಂಗಾಯತ ಪ್ರತ್ಯೇಕ ಧರ್ಮದ ಶಿಫಾರಸು. ಎಲ್ಲ ಪಕ್ಷಗಳೂ ಸಾಲಮನ್ನಾ ಹರಾಜು ಕೂಗಿದವು. ನಮ್ಮವರು ಒಂದು ಲಕ್ಷದವರೆಗೆ ಅಂದ್ರು, ಜೆಡಿಎಸ್‌ನವರು ಅಧಿಕಾರಕ್ಕೆ ಬಂದ 24 ಗಂಟೆಯಲ್ಲಿ ಪೂರ್ತಿ ಅಂದ್ರು. ಮಲೆನಾಡಿನ ಕಡೆ ಅಡಿಕೆ ತೋಟ ಇಟ್ಟುಕೊಂಡಿರೋ ನಮ್ಮ ದೊಡ್ಡಪ್ಪ ಪ್ರತಿ ವರ್ಷ ಸೊಸೈಟಿ ಸಾಲ ಸರಿಯಾದ ದಿನಕ್ಕೆ ಕಟ್ಟೋರು. ಫೋನಿನಲ್ಲಿ, ‘ಕಟ್ಟಿದೋರು ಪೆದ್ದರು ಅಂತ ಸರ್ಕಾರವೇ ಹೇಳಿಕೊಡ್ತಾ ಇದೆಯಲ್ಲೋ’ ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಮೇ 12ನೇ ತಾರೀಕು ಶನಿವಾರ ಮತದಾನ. ನಾನಿರೋದು ಜಯನಗರ 4ನೇ ಟಿ ಬ್ಲಾಕ್. ಮೇ 4ರಂದು ಬೆಳಿಗ್ಗೆ ಏಳುವಷ್ಟರಲ್ಲಿ ಫೋನಿನ ತುಂಬ ಒಂದೇ ಸುದ್ದಿ. ನಮ್ಮ ಶಾಸಕರು, ಮತ್ತೆ ಅಭ್ಯರ್ಥಿಯಾಗಿದ್ದವರು, ಬಿ.ಎನ್. ವಿಜಯಕುಮಾರ್ ತೀರಿಕೊಂಡಿದ್ದರು. ಪ್ರಚಾರದ ನಡುವೆಯೇ ಕುಸಿದುಬಿದ್ದದ್ದಂತೆ, ಹೃದಯಾಘಾತ. 2008 ಮತ್ತು 2013, ಎರಡು ಸಲ ಇಲ್ಲಿಂದ ಗೆದ್ದವರು. ಸರಳ ಮನುಷ್ಯ, ಕೈಗೆ ಸಿಗೋ ಶಾಸಕ ಅಂತ ಹೆಸರು. ಆವತ್ತು ನಮ್ಮ ಬೀದಿಯ ತರಕಾರಿ ಗಾಡಿಯ ಹತ್ರ ಅವರ ವಿಷಯ ಬಿಟ್ಟು ಬೇರೆ ಮಾತಿರಲಿಲ್ಲ. ಬೇರೆ ಪಕ್ಷದವರೂ ‘ಪಾಪ’ ಅಂದಿದ್ದನ್ನ ಕೇಳಿದೆ. ಈಗಿನ ಕಾಲದಲ್ಲಿ ಒಬ್ಬ ರಾಜಕಾರಣಿಗೆ ಎದುರು ಪಕ್ಷದವನಿಂದ ಮನಸ್ಸಿಟ್ಟು ಒಂದು ‘ಪಾಪ’ ಸಿಗೋದು ಸಣ್ಣ ವಿಷಯ ಅಲ್ಲ.

1951ರ ಪ್ರಜಾಪ್ರತಿನಿಧಿ ಕಾಯ್ದೆ ಏನು ಹೇಳುತ್ತೆ ಅಂದ್ರೆ, ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಮತದಾನಕ್ಕೆ ಮುಂಚೆ ತೀರಿಕೊಂಡರೆ ಆ ಕ್ಷೇತ್ರದಲ್ಲಿ ಮತದಾನ ಮುಂದಕ್ಕೆ ಹಾಕಬೇಕು, ಆ ಪಕ್ಷಕ್ಕೆ ಹೊಸಬರನ್ನ ನಿಲ್ಲಿಸೋಕೆ ಸಮಯ ಕೊಡಬೇಕು. ಹಾಗಾಗಿ ಜಯನಗರದ ಚುನಾವಣೆ ಮುಂದಕ್ಕೆ ಹೋಯಿತು. ಆ ಕಡೆ ಜಾಲಹಳ್ಳಿಯ ಒಂದು ಫ್ಲ್ಯಾಟಿನಲ್ಲಿ ಸಾವಿರಾರು ವೋಟರ್ ಐಡಿಗಳು ಸಿಕ್ಕಿ ರಾಜರಾಜೇಶ್ವರಿ ನಗರದ ಚುನಾವಣೆಯೂ ಮುಂದಕ್ಕೆ ಹೋಯಿತು. 224ರಲ್ಲಿ ಎರಡು ಕಳೆದು ಉಳಿದದ್ದು 222.

ಹೀಗಾಗಿ ಇಡೀ ರಾಜ್ಯ ಓಟು ಹಾಕಿದ ದಿನ ನಾನು ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಬೆರಳು ತೋರಿಸಿದರೆ ಕಾಫಿ ಫ್ರೀ ಅಂತ ಕೆಲವು ಹೋಟೆಲಿನವರು ಬೋರ್ಡ್ ಹಾಕಿದ್ದರು. ಸೋಮವಾರ ಆಫೀಸಿನಲ್ಲಿ ಎಲ್ಲರ ಬೆರಳಲ್ಲೂ ಶಾಯಿ, ನನ್ನದು ಮಾತ್ರ ಬೋಳು. ‘ನೀನು ಪ್ರಜಾಪ್ರಭುತ್ವದ ಬಗ್ಗೆ ಭಾಷಣ ಮಾಡ್ತೀಯ, ಓಟೇ ಹಾಕಿಲ್ವಾ?’ ಅಂತ ಪಕ್ಕದ ಟೀಮಿನವಳು ಕಾಲೆಳೆದಳು. ಕಾನೂನು ವಿವರಿಸೋದರಲ್ಲಿ ಅವಳ ಕಾಫಿ ಮುಗಿದಿತ್ತು.

ಈಗ ಯೋಚಿಸಿದರೆ ಅನ್ನಿಸುತ್ತೆ, ಆ ಬೋಳು ಬೆರಳು ನನಗೆ ಒಂದು ಉಪಕಾರ ಮಾಡಿತು. ಆಟದಲ್ಲಿ ದುಡ್ಡು ಕಟ್ಟದವನು ಆಟ ನೋಡೋ ರೀತಿಯೇ ಬೇರೆ.

ಮೇ 15, ಮಂಗಳವಾರ, ಎಣಿಕೆ. ಬೆಳಿಗ್ಗೆ ನಮ್ಮವರು 112 ದಾಟಿಬಿಟ್ಟರು ಅನ್ನೋ ಲೆಕ್ಕದಲ್ಲಿ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಲಡ್ಡು ಚಿತ್ರಗಳು ಸುರಿದವು. ಮಧ್ಯಾಹ್ನದ ಹೊತ್ತಿಗೆ ಅಂಕಿ ಇಳಿಯೋಕೆ ಶುರುವಾಯಿತು. ಕೊನೆಗೆ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37, ಉಳಿದವರು ಮೂವರು. 2013ರಲ್ಲಿ 40 ಇದ್ದದ್ದು 104 ಆಗಿದೆ ಅಂತ ನನಗೆ ಖುಷಿಯೇ ಆಯಿತು. ಇನ್ನೊಂದು ಕಡೆಯಿಂದ ನೋಡಿದರೆ, ಶೇಕಡಾವಾರು ಮತದಲ್ಲಿ ಕಾಂಗ್ರೆಸ್ಸೇ ಮುಂದಿತ್ತು, 38 ಚಿಲ್ಲರೆ. ಬಿಜೆಪಿಗೆ 36 ಚಿಲ್ಲರೆ. ಎಲ್ಲರಿಗೂ ನಾವೇ ಗೆದ್ದೆವು ಅನ್ನೋಕೆ ಒಂದೊಂದು ಅಂಕಿ ಸಿಕ್ಕಿತ್ತು. ಬೇಕಾಗಿದ್ದ 112 ಮಾತ್ರ ಯಾರ ಹತ್ರಾನೂ ಇರಲಿಲ್ಲ.

ಸಂಜೆಯೊಳಗೆ ಕಾಂಗ್ರೆಸ್ಸಿನವರು ಜೆಡಿಎಸ್‌ಗೆ ಮುಖ್ಯಮಂತ್ರಿ ಕುರ್ಚಿ ಕೊಡ್ತೀವಿ ಅಂದುಬಿಟ್ಟರು. 78 ಮತ್ತು 37, ಜೊತೆಗೆ ಬಿಎಸ್‌ಪಿಯ ಒಬ್ಬರು, 116. ಇತ್ತ 104. ರಾಜ್ಯಪಾಲ ವಜೂಭಾಯಿ ವಾಲಾ ಅವರು ಅತಿದೊಡ್ಡ ಪಕ್ಷ ಅಂತ ಯಡಿಯೂರಪ್ಪನವರನ್ನ ಕರೆದರು. ಬಹುಮತ ಸಾಬೀತು ಮಾಡೋಕೆ ಕೊಟ್ಟ ಸಮಯ 15 ದಿನ.

ಇಲ್ಲಿಂದ ನನ್ನ ಕಥೆ ಶುರು.

ಅತಿದೊಡ್ಡ ಪಕ್ಷವನ್ನ ಮೊದಲು ಕರೆಯೋದಕ್ಕೆ ಸಮರ್ಥನೆ ಇದೆ. 1996ರಲ್ಲಿ ರಾಷ್ಟ್ರಪತಿ ಶಂಕರ್ ದಯಾಳ್ ಶರ್ಮಾ ವಾಜಪೇಯಿಯವರನ್ನ ಕರೆದದ್ದು ಹಾಗೆಯೇ. ಆದರೆ ಒಂದೇ ವರ್ಷದ ಹಿಂದೆ, 2017ರ ಮಾರ್ಚಿನಲ್ಲಿ, ಗೋವಾದಲ್ಲಿ 40ಕ್ಕೆ 17 ಗೆದ್ದು ಅತಿದೊಡ್ಡ ಪಕ್ಷ ಆಗಿದ್ದು ಕಾಂಗ್ರೆಸ್. ಮಣಿಪುರದಲ್ಲಿ 60ಕ್ಕೆ 28, ಅಲ್ಲೂ ಕಾಂಗ್ರೆಸ್. ಎರಡೂ ಕಡೆ ಸರ್ಕಾರ ಮಾಡಿದ್ದು ಚುನಾವಣೆ ಆದಮೇಲೆ ಬೇರೆಯವರನ್ನ ಜೊತೆಗೆ ಸೇರಿಸಿಕೊಂಡ ಬಿಜೆಪಿ. ಅಲ್ಲಿ ಮೈತ್ರಿಯ ಸಂಖ್ಯೆ ದೊಡ್ಡದು, ಇಲ್ಲಿ ಒಂಟಿ ಪಕ್ಷದ ಸಂಖ್ಯೆ ದೊಡ್ಡದು. ಅಳತೆಯ ಕೋಲು ಊರಿಗೊಂದು ಉದ್ದ ಆದರೆ ಅದು ಕೋಲು ಅನ್ನಿಸಿಕೊಳ್ಳಲ್ಲ. ಜೊತೆಗೆ ಆ 15 ದಿನ. ಎಂಟು ಜನ ಕಡಿಮೆ ಇರೋ ಪಕ್ಷಕ್ಕೆ ಹದಿನೈದು ದಿನ ಯಾಕೆ ಬೇಕು ಅಂತ ಕೇಳೋಕೆ ರಾಜ್ಯಶಾಸ್ತ್ರದ ಡಿಗ್ರಿ ಬೇಡ. 2008ರಲ್ಲಿ 110 ಗೆದ್ದು ಮೂರು ಸೀಟು ಕಡಿಮೆ ಬಿದ್ದಾಗ ಏನಾಯಿತು ಅನ್ನೋದು ನಮಗೆಲ್ಲ ನೆನಪಿದೆ. ಎದುರು ಪಕ್ಷದ ಶಾಸಕರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟು ಕಮಲದ ಗುರುತಿನಲ್ಲಿ ಮತ್ತೆ ನಿಂತರು. ‘ಆಪರೇಷನ್ ಕಮಲ’ ಅನ್ನೋ ಶಬ್ದವನ್ನ ದೇಶಕ್ಕೆ ಕೊಟ್ಟದ್ದು ನಾವೇ, ಕರ್ನಾಟಕದವರು.

ಇಷ್ಟನ್ನೂ ಅಲ್ಲ, ಇದರಲ್ಲಿ ಎರಡೇ ಸಾಲನ್ನ ಫ್ಯಾಮಿಲಿ ಗ್ರೂಪಿನಲ್ಲಿ ಬರೆದೆ. ‘15 ದಿನ ಜಾಸ್ತಿ ಆಯಿತು. ಇದೇ ಸಮಯವನ್ನ ಕಾಂಗ್ರೆಸ್ಸಿನ ಕಾಲದ ರಾಜ್ಯಪಾಲರು ಅವರ ಪಕ್ಷಕ್ಕೆ ಕೊಟ್ಟಿದ್ದರೆ ನಾವು ಒಪ್ಪುತ್ತಿದ್ವಾ?’

ಲಡ್ಡುಗಳು ನಿಂತವು. ಮೊದಲು ಮೌನ. ಆಮೇಲೆ ನಮ್ಮ ಭಾವ, ಅಕ್ಕನ ಗಂಡ, ‘ನೀನು ಯಾವಾಗ ಆ ಕಡೆ ಸೇರಿದೆ?’ ಅಂತ ಕೇಳಿದರು. ಭಾವ ಅಂದ್ರೆ ನನಗೆ ಅಣ್ಣನಿದ್ದ ಹಾಗೆ. ಪಿಯುಸಿಯಲ್ಲಿ ಗಣಿತ ಹೇಳಿಕೊಟ್ಟವರು, ನನ್ನ ಮೊದಲ ಬೈಕಿನ ಡೌನ್ ಪೇಮೆಂಟ್ ಕಟ್ಟಿದವರು. ವಿದ್ಯಾರ್ಥಿ ದಿನಗಳಿಂದ ಪಕ್ಷಕ್ಕಾಗಿ ಓಡಾಡಿದವರು, ಬೂತ್ ಮಟ್ಟದಲ್ಲಿ ಬಿಸಿಲಿಗೆ ಬೆಂದವರು. ಫೋನ್ ಮಾಡಿದರೆ ಅವರ ದನಿ ಬೇರೆಯಾಗಿತ್ತು. ‘ಅವರು 60 ವರ್ಷ ಇದನ್ನೇ ಮಾಡಿದರು. 1989ರಲ್ಲಿ ಬೊಮ್ಮಾಯಿಯವರಿಗೆ ಬಹುಮತ ತೋರಿಸೋಕೆ ಒಂದು ಅವಕಾಶ ಕೊಟ್ಟರಾ? ಈಗ ನಮ್ಮ ಸರದಿ. ನಿನಗೆ ಈಗ ನೀತಿ ನೆನಪಾಯ್ತಾ?’ ಅಂದರು.

ಭಾವ ಹೇಳಿದ ಇತಿಹಾಸ ಸರಿ. ಎಸ್.ಆರ್. ಬೊಮ್ಮಾಯಿ ನಮ್ಮ ಮುಖ್ಯಮಂತ್ರಿ ಆಗಿದ್ದಾಗ, 1989ರ ಏಪ್ರಿಲ್‌ನಲ್ಲಿ, ಸದನದಲ್ಲಿ ಬಲ ತೋರಿಸೋಕೆ ಬಿಡದೆ ಸರ್ಕಾರವನ್ನ ಕಿತ್ತು ರಾಷ್ಟ್ರಪತಿ ಆಳ್ವಿಕೆ ಹೇರಿದರು. ಕಾಂಗ್ರೆಸ್ ದೆಹಲಿಯಲ್ಲಿದ್ದ ಕಾಲ. ಬೊಮ್ಮಾಯಿ ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಾಧೀಶರ ಪೀಠದ ತೀರ್ಪು ಬಂತು. ಬಹುಮತ ಇದೆಯೋ ಇಲ್ಲವೋ ಅನ್ನೋದು ರಾಜಭವನದಲ್ಲಿ ತೀರ್ಮಾನ ಆಗೋ ವಿಷಯ ಅಲ್ಲ, ಸದನದಲ್ಲಿ ಆಗಬೇಕು ಅಂತ. ಇಡೀ ದೇಶದ ವಕೀಲರು ಇವತ್ತಿಗೂ ಕರ್ನಾಟಕದ ಒಬ್ಬ ಮಾಜಿ ಮುಖ್ಯಮಂತ್ರಿಯ ಹೆಸರು ಹೇಳಿ ಈ ತತ್ತ್ವವನ್ನ ಎತ್ತಿ ಹಿಡೀತಾರೆ. ಆದರೆ ಭಾವ ಮತ್ತು ನಾನು ಅದೇ ಘಟನೆಯಿಂದ ಬೇರೆ ಬೇರೆ ಪಾಠ ತಗೊಂಡಿದ್ವಿ. ಅವರಿಗೆ ಅದು ತೀರಿಸಬೇಕಾದ ಬಾಕಿ. ನನಗೆ ಅದು ಇನ್ಯಾರಿಗೂ ಆಗಬಾರದ್ದು.

‘ಸರದಿ ಅಂತ ಹೋದರೆ ಇದು ಯಾವಾಗ ಮುಗಿಯುತ್ತೆ ಭಾವ?’ ಅಂದೆ. ಅವರು ಫೋನ್ ಇಟ್ಟರು. ಆಮೇಲೆ ಆರು ತಿಂಗಳು ನಮ್ಮಿಬ್ಬರ ನಡುವೆ ಮಾತು ಅಂದ್ರೆ ‘ಊಟ ಆಯ್ತಾ’, ‘ಮಕ್ಕಳು ಹೇಗಿದಾರೆ’ ಅಷ್ಟೇ. ಗೌರಿ ಹಬ್ಬಕ್ಕೆ ಅಕ್ಕನನ್ನ ಕರೆಯೋಕೆ ಹೋದಾಗ ಭಾವ ಕೆಲಸ ಇದೆ ಅಂತ ಹೊರಗೆ ಹೋಗಿದ್ದರು.

ಆಫೀಸಿನಲ್ಲಿ ಇನ್ನೊಂದು ಥರದ ಪಾಡು. ಕಾಲೆಳೆದ ಗೆಳತಿ ‘ಕೊನೆಗೂ ಕಣ್ಣು ಬಿಟ್ಟೆ’ ಅಂತ ಬೆನ್ನು ತಟ್ಟಿದಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಶಾಸಕರನ್ನ ಬಿಡದಿಯ ರೆಸಾರ್ಟಿನಲ್ಲಿ ಇಟ್ಟು, ಅಲ್ಲಿಂದ ರಾತ್ರೋರಾತ್ರಿ ಬಸ್ಸಿನಲ್ಲಿ ಹೈದರಾಬಾದಿಗೆ ಸಾಗಿಸಿದ್ದು ಅವಳಿಗೆ ‘ಪ್ರಜಾಪ್ರಭುತ್ವದ ರಕ್ಷಣೆ’. ನಾನು ಕೇಳಿದೆ, ‘ನಿನ್ನ ಶಾಸಕನ ಫೋನ್ ಕಿತ್ತಿಟ್ಟುಕೊಂಡು ಕಾವಲು ಕಾದರೇನೇ ಅವನು ನಿನ್ನ ಪಕ್ಷದಲ್ಲಿ ಉಳೀತಾನೆ ಅಂದ್ರೆ, ನೀನು ಗೆಲ್ಲಿಸಿದ್ದು ಏನನ್ನ?’ ಅವಳೂ ಆವತ್ತು ನನ್ನ ಜೊತೆ ಊಟಕ್ಕೆ ಬರಲಿಲ್ಲ. ಒಂದೇ ವಾರದಲ್ಲಿ ಎರಡೂ ಕಡೆ ಸಲ್ಲದವನಾಗೋದು ಹೇಗೆ ಅಂತ ಯಾರಿಗಾದರೂ ತರಬೇತಿ ಬೇಕಿದ್ದರೆ ಹೇಳಿ.

ಮೇ 16ರ ರಾತ್ರಿ. ಪ್ರಮಾಣವಚನ ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ. ಅದನ್ನ ತಡೀಬೇಕು ಅಂತ ಕಾಂಗ್ರೆಸ್ ಮತ್ತು ಜೆಡಿಎಸ್ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವು. ರಾತ್ರಿ ಎರಡರ ಸುಮಾರಿಗೆ ಮೂವರು ನ್ಯಾಯಾಧೀಶರು ಕೂತರು, ಏಳೋ ಹೊತ್ತಿಗೆ ಬೆಳಗಿನ ಜಾವ ಐದು ದಾಟಿತ್ತು. ಪ್ರಮಾಣವಚನ ತಡೆಯಲ್ಲ, ವಿಚಾರಣೆ ಮುಂದುವರಿಸ್ತೀವಿ ಅಂದರು. 18ನೇ ತಾರೀಕು 15 ದಿನವನ್ನ ಒಂದೇ ದಿನಕ್ಕೆ ಇಳಿಸಿದರು: ಶನಿವಾರ, ಮೇ 19, ಸಂಜೆ ನಾಲ್ಕಕ್ಕೆ ಬಹುಮತ ಪರೀಕ್ಷೆ, ಗುಪ್ತ ಮತದಾನ ಇಲ್ಲ. ಹಂಗಾಮಿ ಸ್ಪೀಕರ್ ಸ್ಥಾನಕ್ಕೆ ಅತ್ಯಂತ ಹಿರಿಯ ಸದಸ್ಯರನ್ನ ಕೂರಿಸೋ ವಾಡಿಕೆ ಬಿಟ್ಟು ಕೆ.ಜಿ. ಬೋಪಯ್ಯ ಅವರನ್ನ ನೇಮಿಸಿದ್ದಕ್ಕೂ ತಕರಾರು ಬಂತು. ಕೋರ್ಟು ನೇಮಕ ಮುಟ್ಟಲಿಲ್ಲ, ಕಲಾಪ ಟೀವಿಯಲ್ಲಿ ನೇರಪ್ರಸಾರ ಆಗಲಿ ಅಂತು.

ಗೆಳತಿಗೆ ಅದು ಸಂಭ್ರಮದ ರಾತ್ರಿ. ನನಗೆ ಹಾಗನ್ನಿಸಲಿಲ್ಲ. ಅಣ್ಣತಮ್ಮಂದಿರ ಆಸ್ತಿ ಜಗಳಕ್ಕೆ ಪೊಲೀಸರು ಸಮಯಕ್ಕೆ ಸರಿಯಾಗಿ ಬಂದರು ಅಂತ ಪಟಾಕಿ ಹೊಡೀತೀವಾ? ಬಂದದ್ದು ಒಳ್ಳೇದಾಯಿತು, ಸರಿ. ಆದರೆ ಮನೆಯೊಳಗೆ ನಾಲ್ಕು ಮಾತಿನಲ್ಲಿ ಮುಗೀಬೇಕಾದ್ದು ಅಲ್ಲಿವರೆಗೆ ಹೋಯಿತಲ್ಲ ಅನ್ನೋದೇ ಸಂಕಟ. ಹಂಗಾಮಿ ಸ್ಪೀಕರ್ ಹಿರಿಯರಾಗಿರಲಿ ಅನ್ನೋದು ವಾಡಿಕೆ. ಬಹುಮತ ತೋರಿಸೋಕೆ ನ್ಯಾಯವಾದಷ್ಟೇ ಸಮಯ ಕೇಳೋದು ವಾಡಿಕೆ. ಇಂಥ ವಾಡಿಕೆಗಳನ್ನ ಒಂದೊಂದಾಗಿ ಮುರಿದ ಹಾಗೆಲ್ಲ ಆ ಜಾಗಕ್ಕೆ ಒಂದು ಕಾನೂನೋ ಒಂದು ಕೋರ್ಟು ಆದೇಶವೋ ಬಂದು ಕೂರುತ್ತೆ. ಪಕ್ಷಾಂತರ ಜಾಸ್ತಿಯಾಯಿತು ಅಂತ 1985ರಲ್ಲಿ ಒಂದು ಕಾನೂನು ಬಂತು. ಅದರಲ್ಲಿ ಮೂರನೇ ಒಂದು ಭಾಗ ಒಡೆದು ಬಂದರೆ ಪರವಾಗಿಲ್ಲ ಅಂತ ಕಿಟಕಿ ಇತ್ತು, ಎಲ್ಲರೂ ಕಿಟಕಿಯಲ್ಲೇ ಹಾರಿದರು. 2003ರಲ್ಲಿ ಕಿಟಕಿ ಮುಚ್ಚಿದರು. 2008ರಲ್ಲಿ ನಾವು ರಾಜೀನಾಮೆ ಅನ್ನೋ ಹೊಸ ಬಾಗಿಲು ಕಂಡುಹಿಡಿದೆವು. ಬೀಗದ ಮೇಲೆ ಬೀಗ, ಕಳ್ಳತನವೇನೂ ಕಮ್ಮಿ ಆಗಿಲ್ಲ.

ಇದು ಡಿ.ವಿ. ಗುಂಡಪ್ಪನವರ ಊರು. ನಮ್ಮಲ್ಲಿ ಬಹಳಷ್ಟು ಜನಕ್ಕೆ ಡಿವಿಜಿ ಅಂದ್ರೆ ಬೆಳಿಗ್ಗೆ ಗುಡ್ ಮಾರ್ನಿಂಗ್ ಜೊತೆ ಬರೋ ಕಗ್ಗದ ಫಾರ್ವರ್ಡ್. ಅದೇ ಮನುಷ್ಯ ಕನ್ನಡದಲ್ಲಿ ‘ರಾಜ್ಯಶಾಸ್ತ್ರ’ ಬರೆದರು, 1945ರಲ್ಲಿ ಬಸವನಗುಡಿಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಸ್ವಾತಂತ್ರ್ಯ ಬರೋಕೆ ಎರಡು ವರ್ಷ ಮುಂಚೆ. ಪ್ರಜೆಯಾಗೋದೂ ಕಲೀಬೇಕಾದ ವಿದ್ಯೆ ಅನ್ನೋ ನಂಬಿಕೆಯಿಂದ ಹುಟ್ಟಿದ ಜಾಗ ಅದು. ನನ್ನ ಮಟ್ಟಿಗೆ ಕನ್ನಡದ ದೊಡ್ಡ ಕನ್ಸರ್ವೇಟಿವ್ ಅವರು. ಧರ್ಮ, ಪರಂಪರೆ ಎಲ್ಲವನ್ನೂ ಪ್ರೀತಿಸಿದರು, ಅಷ್ಟೇ ಶ್ರದ್ಧೆಯಿಂದ ರಾಜ್ಯಾಂಗದ ಮರ್ಯಾದೆಯನ್ನೂ ವಿವರಿಸಿದರು. ಎರಡೂ ಒಂದೇ ಮನೆಯ ಗೋಡೆಗಳು ಅಂತ ತಿಳಿದವರು. ನಾವು ಒಂದನ್ನ ಫ್ರೇಮು ಹಾಕಿಸಿ ತೂಗುಹಾಕಿದ್ದೀವಿ, ಇನ್ನೊಂದಕ್ಕೆ ಮೊಳೆ ಹೊಡೀತಾ ಇದ್ದೀವಿ.

ಮೇ 19ರ ಸಂಜೆ ನಾನು ಟೀವಿ ಮುಂದೆ ಇದ್ದೆ. ಯಡಿಯೂರಪ್ಪ ಎದ್ದು ನಿಂತರು, ಉದ್ದಕ್ಕೆ ಮಾತಾಡಿದರು, ರೈತರ ಬಗ್ಗೆ ಹೇಳುವಾಗ ದನಿ ಭಾರವಾಗಿತ್ತು. ಮತಕ್ಕೆ ಹಾಕದೆ ರಾಜೀನಾಮೆ ಕೊಡ್ತೀನಿ ಅಂದು ಹೊರನಡೆದರು. ಎರಡೂವರೆ ದಿನದ ಸರ್ಕಾರ. ನನಗೆ ದುಃಖವಾಯಿತು. ಊರೂರು ತಿರುಗಿ ಪಕ್ಷ ಕಟ್ಟಿದ ಮನುಷ್ಯ, 104 ತಂದುಕೊಟ್ಟವರು. ಆದರೆ ಆ ದುಃಖದ ಒಳಗೇ ಒಂದು ಸಮಾಧಾನವೂ ಇತ್ತು. ಸದನದಲ್ಲಿ ಸಂಖ್ಯೆ ಇರಲಿಲ್ಲ, ಕುರ್ಚಿ ಬಿಟ್ಟರು. ಇಷ್ಟೇ ತಾನೇ ಆಗಬೇಕಾಗಿದ್ದು?

ಅದೇ ವರ್ಷ ಆಗಸ್ಟ್ 16ರಂದು ವಾಜಪೇಯಿ ತೀರಿಕೊಂಡರು. ಟೀವಿಯಲ್ಲಿ ದಿನವಿಡೀ ಅವರ ಹಳೇ ಭಾಷಣಗಳು. 1996ರಲ್ಲಿ 13 ದಿನ ಪ್ರಧಾನಿಯಾಗಿ, ಸಂಖ್ಯೆ ಕೂಡದೆ ಮತಕ್ಕೂ ಹಾಕದೆ ರಾಜೀನಾಮೆ ಕೊಟ್ಟವರು. 1999ರ ಏಪ್ರಿಲ್ 17ರಂದು ಒಂದೇ ಒಂದು ಓಟಿನಲ್ಲಿ, 269ಕ್ಕೆ 270, ಸರ್ಕಾರ ಕಳಕೊಂಡವರು. ಒಂದು ಓಟು! ಅದನ್ನ ಹೊಂದಿಸೋಕೆ ದಾರಿಗಳಿಲ್ಲದ ದೇಶವೇ ಇದು? ಕೆಲವೇ ತಿಂಗಳಲ್ಲಿ ಜನರ ಹತ್ರ ಹೋಗಿ ಗೆದ್ದು ಬಂದರು, ಐದು ವರ್ಷ ಆಳಿದರು. ನಾನು ಈ ಪಕ್ಷದ ಕಡೆ ತಿರುಗಿದ್ದು ಹೈಸ್ಕೂಲಿನಲ್ಲಿ ಆ ಒಂದು ಓಟಿನ ಸೋಲನ್ನ ನೋಡಿಯೇ. ಸೋಲು ನೋಡಿ ಪಕ್ಷ ಸೇರಿದವನಿಗೆ ಗೆಲ್ಲೋದೊಂದೇ ಮುಖ್ಯ ಅಂತ ಹೇಳಿದರೆ ಹೇಗೆ ಒಪ್ಪೋದು?

ಜಯನಗರಕ್ಕೆ ವಾಪಸ್ ಬರ್ತೀನಿ. ನಮ್ಮ ಮತದಾನ ನಡೆದದ್ದು ಜೂನ್ 11, ಸೋಮವಾರ. ಆ ಹೊತ್ತಿಗೆ ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ ಮೂರು ವಾರ ಹತ್ತಿರ ಬಂದಿತ್ತು. ಬಿಜೆಪಿಯಿಂದ ವಿಜಯಕುಮಾರ್ ಅವರ ತಮ್ಮ ಪ್ರಹ್ಲಾದ್, ಕಾಂಗ್ರೆಸ್ಸಿನಿಂದ ಸೌಮ್ಯಾ ರೆಡ್ಡಿ, ಜೆಡಿಎಸ್‌ನವರು ಕಾಂಗ್ರೆಸ್ಸಿಗೆ ಬೆಂಬಲ ಕೊಟ್ಟು ಹಿಂದೆ ಸರಿದಿದ್ದರು. ಬೆಳಿಗ್ಗೆ ಏಳೂವರೆಗೆ ಬೂತಿಗೆ ಹೋದರೆ ಕ್ಯೂನಲ್ಲಿ ಆರು ಜನ, ನನ್ನ ಬಿಟ್ಟು ಎಲ್ಲರೂ ಅರವತ್ತು ದಾಟಿದವರು. ಐದು ನಿಮಿಷಕ್ಕೆ ಕೆಲಸ ಮುಗೀತು. ಸಂಜೆ ಲೆಕ್ಕ ಬಂತು, ಮತದಾನ ಶೇ. 55ರ ಆಸುಪಾಸು. ಮೇ ತಿಂಗಳಲ್ಲಿ ರಾಜ್ಯದ ಲೆಕ್ಕ ಶೇ. 72. ಮೂರು ವಾರ ಪ್ರಜಾಪ್ರಭುತ್ವದ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬಡಿದಾಡಿದ ಬಡಾವಣೆಯಿದು. ಪದವೀಧರರು, ಐಟಿಯವರು, ಓದಿಕೊಂಡವರು ತುಂಬಿರೋ ಬಡಾವಣೆ. ನೂರಕ್ಕೆ 45 ಜನ ಬರಲೇ ಇಲ್ಲ. ನಾನು ಓಟು ಹಾಕಿದ ಅಭ್ಯರ್ಥಿ 2,889 ಮತಗಳಿಂದ ಸೋತರು.

ನವೆಂಬರ್ 12ಕ್ಕೆ ಇನ್ನೊಂದು ಸುದ್ದಿ. ನಮ್ಮ ಸಂಸದ ಅನಂತಕುಮಾರ್ ತೀರಿಕೊಂಡರು. 1996ರಿಂದ ಒಂದೇ ಸಮನೆ ಆರು ಸಲ ಬೆಂಗಳೂರು ದಕ್ಷಿಣದಿಂದ ಗೆದ್ದವರು. ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಸಂಸದರು ಅಂದ್ರೆ ಅವರೇ. ಆರು ತಿಂಗಳ ಅಂತರದಲ್ಲಿ ನನ್ನ ಶಾಸಕರೂ ಇಲ್ಲ, ಸಂಸದರೂ ಇಲ್ಲ. ಮಾರನೇ ದಿನ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಅಂತಿಮ ದರ್ಶನದ ಸಾಲಿನಲ್ಲಿ ನಿಂತಿದ್ದೆ. ಹೆಗಲ ಮೇಲೆ ಒಂದು ಕೈ ಬಿತ್ತು. ಭಾವ. ಕಣ್ಣು ಕೆಂಪಾಗಿತ್ತು. ಸಾಲು ಮುಂದೆ ಹೋಗೋವರೆಗೂ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಗಾಂಧಿಬಜಾರಿನ ಕಡೆ ನಡೆದು ಒಂದು ಸಣ್ಣ ಹೋಟೆಲಿನಲ್ಲಿ ಕಾಫಿಗೆ ಕೂತೆವು.

‘ಈಗಲೂ ನಿನಗೆ ಹಾಗೇ ಅನ್ನಿಸುತ್ತಾ?’ ಅಂತ ಕೇಳಿದರು. ಯಾವುದರ ಬಗ್ಗೆ ಅಂತ ಇಬ್ಬರಿಗೂ ಗೊತ್ತಿತ್ತು.

‘ಹೌದು ಭಾವ.’

‘ನನಗೂ ಹಾಗೇ ಅನ್ನಿಸುತ್ತೆ, ನಾನು ಹೇಳಿದ್ದೇ ಸರಿ ಅಂತ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಬೈ-ಟೂ ಹೇಳು’ ಅಂದರು.

ಅಷ್ಟೇ. ಯಾರೂ ಯಾರನ್ನೂ ಒಪ್ಪಿಸಲಿಲ್ಲ. ಈಗ ನಮ್ಮ ಮನೆಗಳಲ್ಲಿ ಮತ್ತೆ ಒಟ್ಟಿಗೆ ಹಬ್ಬ ನಡೆಯುತ್ತೆ, ಮತ್ತೆ ಜಗಳಾನೂ ನಡೆಯುತ್ತೆ. ಕಾಪಾಡಿಕೊಳ್ಳಬೇಕಾದ ಸಂಸ್ಥೆಗಳ ಪಟ್ಟಿಯಲ್ಲಿ ಈ ಬೈ-ಟೂ ಕಾಫಿಯನ್ನೂ ಸೇರಿಸಿದ್ದೀನಿ.

ಮುಂದಿನ ವರ್ಷ, 2019ರ ಜುಲೈನಲ್ಲಿ, ಅದೇ ನಾಟಕ ಪಾತ್ರ ಬದಲಾಯಿಸಿಕೊಂಡು ಬಂತು. ಈ ಸಲ ರಾಜೀನಾಮೆ ಕೊಟ್ಟ ಶಾಸಕರು ಮುಂಬಯಿ ಹೋಟೆಲಿನಲ್ಲಿ. ಬೇಗ ಬಹುಮತ ಪರೀಕ್ಷೆ ಆಗಲಿ ಅಂತ ಕೂಗಿದ್ದು ಬಿಜೆಪಿ, ದಿನಗಟ್ಟಲೆ ಚರ್ಚೆ ಎಳೆದದ್ದು ಮೈತ್ರಿ ಸರ್ಕಾರ. ಜುಲೈ 18ರಂದು ಮಂಡಿಸಿದ ವಿಶ್ವಾಸಮತ ಮತಕ್ಕೆ ಬಂದದ್ದು 23ಕ್ಕೆ, 99 ಮತ್ತು 105. ಹಿಂದಿನ ವರ್ಷ ‘ಒಂದು ದಿನವೂ ಜಾಸ್ತಿ ಕೊಡಬಾರದು’ ಅಂದಿದ್ದ ಗೆಳತಿ ‘ಸದನಕ್ಕೆ ಚರ್ಚೆ ಮಾಡೋ ಹಕ್ಕಿದೆ’ ಅಂದಳು. ಭಾವ ‘ಇದು ಪ್ರಜಾಪ್ರಭುತ್ವಕ್ಕೆ ಅವಮಾನ’ ಅಂದರು. ನಾನು ಇಬ್ಬರಿಗೂ 2018ರಲ್ಲಿ ಅವರವರೇ ಕಳಿಸಿದ್ದ ಮೆಸೇಜುಗಳನ್ನ ಹುಡುಕಿ ಕಳಿಸಿದೆ. ಇಬ್ಬರೂ ನಗೋ ಚಿತ್ರ ಹಾಕಿದರು. ಅದು ದೊಡ್ಡತನವೇ.

ಆ ವರ್ಷದಿಂದ ನಾನು ಇಟ್ಟುಕೊಂಡಿರೋ ಅಳತೆಗೋಲು ಒಂದೇ. ನಮ್ಮವರು ಏನಾದರೂ ಹೊಸ ಅಧಿಕಾರ ಬಳಸಿದಾಗ, ಯಾವುದೋ ವಾಡಿಕೆ ಪಕ್ಕಕ್ಕಿಟ್ಟಾಗ, ಕೇಳಿಕೊಳ್ತೀನಿ: ಇದೇ ಕತ್ತಿಯನ್ನ ನಾಳೆ ಆ ಕಡೆಯವರು ಹಿಡಿದರೆ ನನಗೆ ನಿದ್ದೆ ಬರುತ್ತಾ? ಬರಲ್ಲ ಅಂದ್ರೆ ಇವತ್ತೂ ಅದು ಒರೆಯಲ್ಲೇ ಇರಲಿ. ಪ್ರಗತಿಪರರು ಇದನ್ನ ಬಳಸಬಾರದು ಅಂತೇನಿಲ್ಲ, ಪೇಟೆಂಟ್ ತಗೊಂಡಿಲ್ಲ.

ಮತ್ತೆ ಆ ಶೇ. 45ರ ವಿಷಯ. 2023ರ ಮೇ ತಿಂಗಳಲ್ಲಿ ಜಯನಗರದಲ್ಲಿ ಬಿಜೆಪಿಯ ಸಿ.ಕೆ. ರಾಮಮೂರ್ತಿ ಗೆದ್ದರು. ಮರು ಎಣಿಕೆ ಆಗಿ, ತಡರಾತ್ರಿ ಘೋಷಣೆಯಾದ ಅಂತರ 16 ಮತ. 2,889 ಅಲ್ಲ, 16. ನಮ್ಮ ಅಪಾರ್ಟ್‌ಮೆಂಟಿನ ಎರಡು ಮಹಡಿಯಲ್ಲಿ ಅದಕ್ಕಿಂತ ಜಾಸ್ತಿ ಮತದಾರರಿದ್ದಾರೆ. ಅದರಲ್ಲಿ ಮೂರು ಮನೆಯವರು ಆವತ್ತು ಚಿಕ್ಕಮಗಳೂರಿನ ಹೋಮ್‌ಸ್ಟೇನಲ್ಲಿದ್ದರು. ಅವರು ಇದ್ದಿದ್ದರೆ ಯಾರಿಗೆ ಹಾಕ್ತಿದ್ದರೋ ಗೊತ್ತಿಲ್ಲ, ಬಹುಶಃ ನನ್ನ ಅಭ್ಯರ್ಥಿಗೆ ಅಲ್ಲ. ಆದರೂ ಮುಂದಿನ ಸಲ ಮತದಾನದ ಹಿಂದಿನ ಸಂಜೆ ಆ ಮೂರೂ ಮನೆ ಬಾಗಿಲು ತಟ್ಟಿ ನೆನಪಿಸ್ತೀನಿ ಅಂತ ತೀರ್ಮಾನ ಮಾಡಿದ್ದೀನಿ. ನಮ್ಮ ಭಾವನಿಗೆ ಮಾತ್ರ ಇದನ್ನ ಯಾರೂ ಹೇಳಬೇಡಿ.